ಗೇಟಿನಾಚೆಯ ಅರ್ಧ ಗಂಟೆ

ಕೋಪವನ್ನು ಇಲ್ಲವಾಗಿಸುವುದು ಋಷಿಗಳಿಂದಲೂ ಆಗಿರಲಿಲ್ಲ. ಅವರಲ್ಲಿ ಹಲವರು ಹೆಸರು ಮಾಡಿದ್ದೇ ಅದರಿಂದ. ಡಾಕ್ಟರ್ ಮಂದಾಕಿನಿ ಅಷ್ಟು ದೊಡ್ಡ ಕೆಲಸಕ್ಕೆ ಕೈಹಾಕಲಿಲ್ಲ. ಆಕೆ ಕೋಪವನ್ನು ಮುಂದೂಡಿದರು, ಅಷ್ಟೆ.

ಮದ್ದೂರು ದಾಟಿದ ಮೇಲೆ ಹೆದ್ದಾರಿಯ ಪಕ್ಕದಲ್ಲಿರುವ ಶರ್ಟ್ ಕಾರ್ಖಾನೆಯಲ್ಲಿ ಆ ಶೋಧ ಮೊದಲು ಬಳಕೆಗೆ ಬಂತು. ಎರಡು ಬೆರಳಗಲದ ಬೂದು ಬಣ್ಣದ ಪಟ್ಟಿ. ಒಳಮೈಯಲ್ಲಿ ಬಿಂದಿಗಿಂತ ತುಸು ದೊಡ್ಡ ಬಿಲ್ಲೆಗಳು. ಹಣೆಗೆ ಕಟ್ಟಿಕೊಂಡರೆ ಇರುವೆ ಹರಿದಂತೆ ಸಣ್ಣಗೆ ಜುಮ್ಮೆನ್ನುತ್ತದೆ, ಮತ್ತೇನೂ ಇಲ್ಲ. ಕಂಪನಿ ಅದಕ್ಕಿಟ್ಟ ಹೆಸರು ‘ಶಮ’. ಹೊಲಿಗೆಯ ಹೆಂಗಸರು ಇಟ್ಟ ಹೆಸರು ತಣ್ಣೀರ್‌ಬಟ್ಟೆ. ಜ್ವರ ಬಂದವರ ಹಣೆಗೆ ಹಾಕುತ್ತಾರಲ್ಲ, ಅದು.

ಮೆದುಳಿನಲ್ಲಿ, ಕಿವಿಯ ನೇರಕ್ಕೆ ಒಳಗಡೆ, ಬಾದಾಮಿಯಷ್ಟು ಗಾತ್ರದ ಒಂದು ಗಂಟಿದೆ. ಯಾರಾದರೂ ಅವಮಾನ ಮಾಡಿದಾಗ ಮೊದಲು ಕಾವೇರುವುದು ಅದು. ಆ ಕಾವು ಮುಂದಲೆಗೆ ತಲುಪಿದಾಗ ನಮಗೆ ಕೋಪ ಬಂತೆಂದು ತಿಳಿಯುತ್ತದೆ, ಯಾರ ಮೇಲೆ ಎಂಬುದೂ ತಿಳಿಯುತ್ತದೆ. ಪಟ್ಟಿ ಈ ಎರಡರ ನಡುವಿನ ದಾರಿಯನ್ನು ಮುಚ್ಚುತ್ತಿತ್ತು. ಕಾವು ಒಳಗೇ ಕೂರುತ್ತಿತ್ತು, ಕಾರಣ ಮಾತ್ರ ಗಾಳಿಗೆ ಹೋಗುತ್ತಿತ್ತು. ಪಟ್ಟಿ ಬಿಚ್ಚಿದ ಮೇಲೆ ದಾರಿ ಮತ್ತೆ ತೆರೆದುಕೊಂಡು, ದಿನವಿಡೀ ಕೂಡಿಟ್ಟ ಕಾವೆಲ್ಲ ಒಟ್ಟಿಗೆ ನುಗ್ಗುತ್ತಿತ್ತು. ವಿಳಾಸ ಹರಿದುಹೋದ ಕಾಗದದಂತೆ, ಮೊದಲು ಸಿಕ್ಕ ಬಾಗಿಲಿಗೆ.

ಮೊದಲ ಪ್ರಯೋಗದಲ್ಲಿ ಆ ಬಾಗಿಲು ಸೂಪರ್‌ವೈಜರ್ ಲೋಕೇಶನದಾಯಿತು. ಪಟ್ಟಿ ಬಿಚ್ಚಿ ಸೈಕಲ್ ಸ್ಟ್ಯಾಂಡಿನವರೆಗೆ ಹೋದ ಹೆಂಗಸೊಬ್ಬಳು, ಅಲ್ಲಿ ಹಲ್ಲು ಕಡ್ಡಿ ಅಗಿಯುತ್ತ ನಿಂತಿದ್ದ ಅವನಿಗೆ ಚಪ್ಪಲಿಯಲ್ಲಿ ಬಾರಿಸಿದಳು. ಯಾಕೆ ಎಂದು ಕೇಳಿದರೆ ಅವಳಿಗೇ ಗೊತ್ತಿರಲಿಲ್ಲ. ಲೋಕೇಶನಿಗೆ ಗೊತ್ತಿತ್ತು, ಅವನು ಹೇಳಲಿಲ್ಲ.

ಮಾನವ ಸಂಪನ್ಮೂಲ ಅಧಿಕಾರಿ ಚಿದಾನಂದ, ಮಹಡಿಯ ಮೇಲಿನ ಗಾಜಿನ ಕೋಣೆಗೆ ಮೆಟ್ಟಿಲು ಹಾರಿಕೊಂಡು ಬಂದ. ಅಲ್ಲಿಂದ ಕೆಳಗಿನ ಇಡೀ ಹಾಲ್ ಕಾಣುತ್ತದೆ. ಗೋಡೆಯ ಪರದೆಯ ಮೇಲೆ ಒಂದೊಂದು ಪಟ್ಟಿಗೂ ಒಂದೊಂದು ಚುಕ್ಕಿ: ಶಾಂತವಾಗಿದ್ದರೆ ಹಸಿರು, ಕಾವೇರಿದರೆ ಕೆಂಪು.

“ಕೋಪ ಬರೋದೇ ಬೇಡ ಅಂತ ಮಾಡೋಕಾಗಲ್ವಾ ಮೇಡಂ?”

“ಆಗಲ್ಲ. ತುಂಬಿದ್ದು ಎಲ್ಲಾದರೂ ಹೋಗ್ಲೇಬೇಕಲ್ಲ.” ಮಂದಾಕಿನಿ ಪರದೆಯಿಂದ ಕಣ್ಣು ತೆಗೆಯಲಿಲ್ಲ. “ಯಾವಾಗ ಬರಬೇಕು ಅನ್ನೋದನ್ನ ನಾನು ಹೇಳಬಲ್ಲೆ. ಯಾರ ಮೇಲೆ ಅನ್ನೋದು ನನ್ನ ಕೈಲಿಲ್ಲ. ಆಗ ಎದುರಿಗೆ ಯಾರಿರ್ತಾರೋ ಅವರ ಮೇಲೆ.”

ಚಿದಾನಂದ ಕೈಗಡಿಯಾರ ನೋಡಿದ. ಅವನು ಕೆಟ್ಟವನಲ್ಲ. ಮನೆಯಲ್ಲಿ ಬೆಕ್ಕು ಸಾಕಿದ್ದ.

“ಅಂದ್ರೆ ಪಟ್ಟಿ ಬಿಚ್ಚಿದ ತಕ್ಷಣ ಬರಬೇಕು ಅಂತೇನಿಲ್ಲ?”

“ಇಲ್ಲ. ತಡ ಮಾಡಿಸಬಹುದು.”

“ನಮ್ಮ ಬಸ್ಸು ಕೊನೇ ಊರು ಮುಟ್ಟೋಕೆ ಅರ್ಧ ಗಂಟೆ ಸಾಕು ಮೇಡಂ.”

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಮಂದಾಕಿನಿ ಯಂತ್ರದ ತಡವನ್ನು ಅರ್ಧ ಗಂಟೆಗೆ ಇಟ್ಟರು. ಗೇಟಿನ ಆಚೆ ಆಗುವುದು ತಮ್ಮ ಅಧ್ಯಯನದ ವ್ಯಾಪ್ತಿಗೆ ಬರುವುದಿಲ್ಲ ಎಂದು ಆ ಸಂಜೆಯ ವರದಿಯಲ್ಲಿ ಬರೆದರು. ವಾಕ್ಯ ಚೆನ್ನಾಗಿತ್ತು. ಚಿದಾನಂದನಿಗೂ ಹಿಡಿಸಿತು.

*

ಹೊಂಬಾಳಮ್ಮ ಕಾಲರ್ ಕೂರಿಸುವ ಲೈನಿನಲ್ಲಿದ್ದಳು. ಮದುವೆಗೆ ಮುಂಚೆ ಜೋರು ಬಾಯಿಯವಳೆಂದು ಹೆಸರಾದವಳು, ಪಟ್ಟಿ ಬಂದ ಮೇಲೆ ಕಾರ್ಖಾನೆಯಲ್ಲಿ ಹೂವಿನಂತಾಗಿದ್ದಳು. ಪಕ್ಕದ ಮಿಷಿನ್ನಿನ ಮಾದೇವಿಗೆ ಇದೊಂದು ನಗೆಚಾಟಿಕೆ.

“ಹೊಂಬಾಳಕ್ಕಾ, ನಿನ್ನೆ ಆ ಲೋಕೇಸ ಪೀಸಿನ ಗಂಟ ನಿನ್ ಮಕಕ್ಕೆಸೆದ್ನಲ್ಲ, ನೀನು ‘ತ್ಯಾಂಕ್ಸ್ ಸಾ’ ಅಂದೆ ಕಣಕ್ಕ.”

“ನಾನು ಅಂದ್ನಾ?”

“ಅಂದೆ. ಅವ್ನೂ ಗಾಬ್ರಿ ಆಗ್ಬುಟ್ಟ.”

ಇಬ್ಬರೂ ನಕ್ಕರು. ನಗುವುದಕ್ಕೆ ಪಟ್ಟಿಯ ಅಡ್ಡಿ ಇರಲಿಲ್ಲ.

ಭಾದ್ರಪದದ ಒಂದು ದಿನ ಹೊಂಬಾಳಮ್ಮನಿಗೆ ಹೊಟ್ಟೆ ಸರಿಯಿರಲಿಲ್ಲ. ಲೋಕೇಶನನ್ನು ಕೇಳಿ ಪಾಯಿಖಾನೆಗೆ ಹೋಗಿ ಬಂದಳು. ಮತ್ತೆ ಕೇಳಬೇಕಾಯಿತು. ಲೋಕೇಶ ಟಾರ್ಗೆಟ್ ಕೂಗುವ ಮೈಕು ತೆಗೆದುಕೊಂಡ.

“ಎಲ್ರೂ ಒಸಿ ಕೇಳಿಸ್ಕಳ್ರಪ್ಪ. ಕಾಲರ್ ಲೈನಿನ ಹೊಂಬಾಳಮ್ಮನೋರು ಎರಡನೇ ಸಲ ಹೋಯ್ತಾವ್ರೆ. ದಾರಿ ಬುಡಿ, ದಾರಿ ಬುಡಿ!”

ಹಾಲ್ ತುಂಬ ಹೆಂಗಸರು, ಕಟಿಂಗ್ ಟೇಬಲ್ಲಿನ ಗಂಡಸರು. ಹೊಂಬಾಳಮ್ಮ ಮುಗುಳ್ನಕ್ಕಳು. “ಬೇಗ ಬಂದ್ಬುಡ್ತೀನಿ ಸಾ” ಎಂದಳು. ಮಹಡಿಯ ಪರದೆಯ ಮೇಲೆ ಒಂದು ಚುಕ್ಕಿ ಕೆಂಪಾಗಿ, ನಡುಗಿ, ಹಸಿರಾಯಿತು. ಮಂದಾಕಿನಿ ಅದನ್ನು ಕಂಡು, ಯಂತ್ರ ಸೊಗಸಾಗಿ ಕೆಲಸ ಮಾಡುತ್ತಿದೆ ಎಂದುಕೊಂಡರು. ಅದು ನಿಜವೂ ಆಗಿತ್ತು.

ಸಂಜೆ ಹೊಂಬಾಳಮ್ಮ ಮನೆ ತಲುಪಿದಾಗ ಮಗಳು ಸಿಂಚನ ಒಲೆಯ ಮುಂದಿದ್ದಳು. ಒಂಬತ್ತನೇ ಕ್ಲಾಸು. ಅಪ್ಪ ಗೂಡ್ಸ್ ಆಟೊ ತೆಗೆದುಕೊಂಡು ಹೋದರೆ ಬರುವುದು ಊಟದ ಹೊತ್ತಿಗೆ, ಸಂಜೆಯ ಅಡುಗೆ ಅವಳದೇ. ಹೊಂಬಾಳಮ್ಮ ಕೈಕಾಲು ತೊಳೆದು, ಸೌಟಿನಿಂದ ಒಂದು ತೊಟ್ಟು ಸಾರು ಅಂಗೈಗೆ ಹಾಕಿಕೊಂಡು ನೆಕ್ಕಿದಳು. ಉಪ್ಪು ಒಂದು ಕಲ್ಲು ಜಾಸ್ತಿಯಾಗಿತ್ತು. ಕುದಿಯುವ ಸಾರಿನಿಂದ ತೆಗೆದ ಆ ಬಿಸಿ ಸೌಟು ಮಗಳ ತೋಳಿನ ಮೇಲೆ ಯಾವಾಗ ಬಿತ್ತು ಎಂಬುದು ಅವಳಿಗೆ ತಿಳಿಯಲಿಲ್ಲ. ಬಿದ್ದ ಮೇಲೂ ನಿಲ್ಲಲಿಲ್ಲ. ಪಕ್ಕದ ಮನೆಯವರು ಬಂದು ಕೈ ಹಿಡಿದರು.

ಆಮೇಲೆ ಕೊಬ್ಬರಿ ಎಣ್ಣೆ ಹಚ್ಚುತ್ತ ತಾಯಿ ಅತ್ತಳು. ಮಗಳು ಅಳಲಿಲ್ಲ.

“ಉಪ್ಪಿಗಾ ಅವ್ವ?” ಎಂದು ಕೇಳಿದಳು. “ಉಪ್ಪಿಗೆ ಇಷ್ಟೊಂದಾ?”

ಹೊಂಬಾಳಮ್ಮನಿಗೂ ಅದೇ ಪ್ರಶ್ನೆಯಿತ್ತು.

*

ಮನುಷ್ಯರು ಹೊಂದಿಕೊಳ್ಳುತ್ತಾರೆ. ಕಾರ್ಖಾನೆಯ ಬಸ್ಸು ಹೋಗುವ ಊರುಗಳಲ್ಲೆಲ್ಲ ಗಂಡಸರು ಸಂಜೆ ಟೀ ಅಂಗಡಿ ಬಿಟ್ಟು ಏಳುವುದನ್ನು ನಿಲ್ಲಿಸಿದರು. “ಬಸ್ ಬಂತೇನ್ಲಾ?” “ಬಂದು ಒಸಿ ಹೊತ್ತಾಯ್ತು.” “ಹಂಗಾರೆ ಇನ್ನೊಂದು ಟೀ ಹೇಳು.” ಟ್ಯೂಷನ್ ಮೇಷ್ಟರ ಮನೆಗಳಲ್ಲಿ, ಓದುವ ಆಸೆಯೇ ಇಲ್ಲದ ಮಕ್ಕಳು ಬಂದು ಕೂತರು. ಅತ್ತೆಯರು ಆ ಹೊತ್ತಿಗೆ ಸರಿಯಾಗಿ ದೇವಸ್ಥಾನಕ್ಕೆ ಹೊರಟರು. ಭಕ್ತಿ ಹೆಚ್ಚಿತೆಂದು ಪೂಜಾರಿಗೆ ಸಂತೋಷ. ಬಡಿದಾಟಕ್ಕೆ ಮಾತ್ರ ದಿನವೂ ಏನಾದರೊಂದು ನೆಪ ಇದ್ದೇ ಇರುತ್ತಿತ್ತು: ಚೆಲ್ಲಿದ ನೀರು, ಮಡಿಸದ ಚಾಪೆ, ಗಂಡನ ಮೌನ. ಆದ್ದರಿಂದ ಯಾರೂ ಪಟ್ಟಿಯ ಕಡೆ ಬೆರಳು ತೋರಿಸಲಿಲ್ಲ. ಕೆಲಸದಲ್ಲಿ ನೆಮ್ಮದಿಯಾಗಿದ್ದೇವೆ, ದರಿದ್ರ ಇರುವುದು ಮನೆಯಲ್ಲೇ ಎಂದು ಹೆಂಗಸರೇ ಹೇಳಿಕೊಳ್ಳತೊಡಗಿದರು. ಕೆಲವರಿಗೆ ಭಾನುವಾರವೂ ಕಾರ್ಖಾನೆಗೆ ಹೋಗೋಣವೆನ್ನಿಸಿತು.

ಸಿಂಚನ ಮಾತ್ರ ಎಲ್ಲಿಗೂ ಹೋಗುವ ಹಾಗಿರಲಿಲ್ಲ. ಅವಳು ಸೌಟನ್ನು ಬಚ್ಚಿಡಲು ಕಲಿತಳು. ಬಸ್ಸಿನ ಹಾರ್ನ್ ಕೇಳಿದ ಕೂಡಲೇ ಅದು ಅಕ್ಕಿ ಡಬ್ಬದ ಹಿಂದೆ ಹೋಗುತ್ತಿತ್ತು. ಜೊತೆಗೆ ಲಟ್ಟಣಿಗೆ, ಮುದ್ದೆ ಕೋಲು, ಪೊರಕೆ. ಹೊಂಬಾಳಮ್ಮನ ಕೈ ಆ ಹೊತ್ತಿನಲ್ಲಿ ತಡಕಾಡಿ ಬರಿಗೈಯಾಗುತ್ತಿತ್ತು. ಆಗ ಅವಳು ಬರಿಗೈಯಲ್ಲೇ ಹೊಡೆಯುತ್ತಿದ್ದಳು.

ಕಾರ್ಖಾನೆಗೂ ಸುದ್ದಿ ಮುಟ್ಟಿತು. ಕಂಪನಿ ಸುಮ್ಮನಿರಲಿಲ್ಲ. ‘ಗೃಹಶಾಂತಿ’ ಎಂಬ ಆಪ್ತಸಲಹೆಯ ಕಾರ್ಯಕ್ರಮ ಶುರುಮಾಡಿತು. ಹೊಂಬಾಳಮ್ಮ ತಾನಾಗಿಯೇ ಹೋದಳು. ಎದುರಿಗೆ ಕೂತಿದ್ದವರು ಡಾಕ್ಟರ್ ಮಂದಾಕಿನಿಯೇ.

“ಮಗೀಗೆ ಬರೆ ಬಿದ್ದದೆ ಮೇಡಂ. ನನ್ ಕೈಯಾರೆ. ನಂಗೇನೋ ರೋಗ ಬಂದದೆ.”

“ಮಗಳು ನಿಮಗೆ ಬೇಜಾರು ಮಾಡ್ತಾಳಾ?”

“ಚಿನ್ನದಂತ ಕೂಸು.”

ಮಂದಾಕಿನಿಯವರ ಪೆನ್ನು ನಿಂತಿತು. ಗಾಜಿನಾಚೆ ಚಿದಾನಂದ ಯಾರೊಡನೆಯೋ ಫೋನಿನಲ್ಲಿ ನಗುತ್ತಿದ್ದ. ಇನ್ನೂ ಮೂರು ಕಾರ್ಖಾನೆಯವರು ಪಟ್ಟಿ ಕೇಳಿದ್ದರು.

“ಮನೆಗೆ ಹೋದ ತಕ್ಷಣ ಕಣ್ಣು ಮುಚ್ಚಿ, ನಿಧಾನವಾಗಿ ಉಸಿರು ತಗೊಳ್ಳಿ. ಮತ್ತೆ, ಮನೆ ವಿಷಯಾನ ಕಾರ್ಖಾನೆಗೆ ತರಬೇಡಿ ಹೊಂಬಾಳಮ್ಮ. ಅಲ್ಲೀದು ಅಲ್ಲಿಗೇ ಬಿಟ್ಬಿಡಬೇಕು.”

“ಆಯ್ತು ಮೇಡಂ” ಎಂದಳು ಹೊಂಬಾಳಮ್ಮ. ಹಣೆಯ ಮೇಲೆ ಪಟ್ಟಿಯಿತ್ತಲ್ಲ, ಬೇರೇನು ತಾನೇ ಅಂದಾಳು?

ಮಹಾಲಯ ಕಳೆದ ಮೇಲೆ ಚಾಮರಾಜನಗರದಿಂದ ಗಂಡನ ಅಕ್ಕ ಪುಟ್ಟಗೌರಮ್ಮ ಬಂದಳು. ಹುಡುಗಿಯ ತೋಳು ಹಿಡಿದು, ತಿರುಗಿಸಿ ನೋಡಿ, ಕೆಳಗೆ ಬಿಟ್ಟಳು.

“ಆಯುಧಪೂಜೆ ದಿನ ಸಂಜೆ ಬತ್ತೀನಿ. ಮಗೀನ ಕರ್ಕಂಡೋಗ್ತೀನಿ. ಅಲ್ಲೇ ಇಸ್ಕೂಲಿಗೆ ಹಾಕ್ತೀನಿ. ನೀನು ಬ್ಯಾಡ ಅನ್ನಂಗಿಲ್ಲ ಕಣವ್ವ.”

ಅದು ಭಾನುವಾರ. ಹೊಂಬಾಳಮ್ಮನ ಹಣೆಯ ಮೇಲೆ ಪಟ್ಟಿ ಇರಲಿಲ್ಲ. ಆದರೂ ಅವಳಿಗೆ ಬೇಡ ಎನ್ನಲು ಆಗಲಿಲ್ಲ.

*

ಆಯುಧಪೂಜೆಯ ದಿನ ಕಾರ್ಖಾನೆಗೆ ಅರ್ಧ ದಿನದ ಕೆಲಸ. ಅರ್ಧ ದಿನದಲ್ಲಿ ಮುಕ್ಕಾಲು ದಿನದ ಟಾರ್ಗೆಟ್ ಇಟ್ಟಿದ್ದರಿಂದ ಲೋಕೇಶ ಬೆಳಗಿನಿಂದ ಮೈಕು ಕೆಳಗಿಟ್ಟಿರಲಿಲ್ಲ. ಮಾದೇವಿಯನ್ನು ಎಮ್ಮೆ ಅಂದ. ಬಸುರಿಯೊಬ್ಬಳನ್ನು ಅದಕ್ಕಿಂತ ಕೆಟ್ಟದ್ದೊಂದು ಅಂದ. ಎಲ್ಲರೂ ಮುಗುಳ್ನಕ್ಕರು.

ಮಧ್ಯಾಹ್ನ ಮಿಷಿನ್ನುಗಳನ್ನು ಒರೆಸಿ, ವಿಭೂತಿ ಬಳಿದು, ಬಾಳೆಕಂದು ಕಟ್ಟಿದರು. ಹಾಲ್‌ನ ಮುಂದುಗಡೆ ಚಾಮುಂಡಿಯ ಪಟ. ಅದರ ಮುಂದೆ ಕತ್ತರಿ, ಸೂಜಿ, ಬಾಬಿನ್ನು, ಅಳತೆ ಟೇಪು. ಎಂ.ಡಿ. ಸಾಹೇಬರ ತಾಯಿ ಪ್ರತಿವರ್ಷದಂತೆ ಬೇಗ ಬಂದು ಕುರ್ಚಿಯಲ್ಲಿ ಕೂತು ಮೇಲ್ವಿಚಾರಣೆ ನಡೆಸುತ್ತಿದ್ದರು.

“ಈ ವರ್ಷ ಹೊಸದಾಗಿ ಏನೋ ಬಂದಿದೆಯಂತಲ್ಲ ಚಿದಾನಂದ. ಅದರಿಂದಲೇ ನಮಗೆ ಏಳಿಗೆ ಅಂತ ನಮ್ಮ ಹುಡುಗ ಹೇಳ್ತಿದ್ದ. ಅದನ್ನ ಪೂಜೆಗಿಟ್ಟಿಲ್ಲವಲ್ಲ?”

ಚಿದಾನಂದನಿಗೆ ನಾಚಿಕೆಯಾಯಿತು. ಹುಟ್ಟಿದಾಗಿನಿಂದ ಆಯುಧಪೂಜೆ ಮಾಡಿಕೊಂಡು ಬಂದವನು, ಸೈಕಲ್ ಪಂಪಿಗೂ ಕುಂಕುಮ ಇಟ್ಟವನು, ಅನ್ನ ಕೊಡುವ ಮುಖ್ಯ ಆಯುಧವನ್ನೇ ಮರೆತಿದ್ದ. ತಕ್ಷಣ ಬೆತ್ತದ ಬುಟ್ಟಿಗಳನ್ನು ತರಿಸಿದ. ಹೆಂಗಸರು ಸಾಲಾಗಿ ಬಂದು ಪಟ್ಟಿ ಬಿಚ್ಚಿ ಹಾಕಿದರು. ಬುಟ್ಟಿಗಳು ದೇವಿಯ ಪಾದದ ಬಳಿ ಕೂತವು. ಮೇಲೆ ಸೇವಂತಿಗೆ, ಅರಿಶಿನ, ಕುಂಕುಮ.

ಮಂಗಳಾರತಿಗೆ ಎಂ.ಡಿ. ಸಾಹೇಬರು ಬರಬೇಕಿತ್ತು. ಹೆದ್ದಾರಿಯಲ್ಲಿ ದಸರಾ ಗರ್ದಿ, ಕಾರು ಸಿಕ್ಕಿಕೊಂಡಿತ್ತು. ಎಲ್ಲರೂ ಕಾದರು.

ಮಂದಾಕಿನಿ ಮಹಡಿಯಲ್ಲಿದ್ದರು. ಪರದೆಯ ಮೇಲಿನ ಚುಕ್ಕಿಗಳೆಲ್ಲ ಹಸಿರು, ಒಂದೂ ನಡುಗುತ್ತಿಲ್ಲ. ಇಂಥ ಶಾಂತಿಯನ್ನು ಅವರು ಯಾವತ್ತೂ ಕಂಡಿರಲಿಲ್ಲ. ಮನುಷ್ಯರಲ್ಲಿ ಇದು ಸಾಧ್ಯವಿಲ್ಲವಲ್ಲ ಎಂದುಕೊಂಡು ಗಾಜಿನಿಂದ ಕೆಳಗೆ ನೋಡಿದರು. ಬರಿ ಹಣೆಗಳು. ಪಟ್ಟಿಗಳು ಶಾಂತವಾಗಿ ಹೂವಿನಡಿ ಮಲಗಿದ್ದವು.

ಅವರು ಮೆಟ್ಟಿಲು ಇಳಿದು ಓಡಿದರು.

“ಪಟ್ಟಿ ಬಿಚ್ಚಿ ಎಷ್ಟು ಹೊತ್ತಾಯ್ತು ಚಿದಾನಂದ್?”

ಅರ್ಧ ಗಂಟೆ ಮುಗಿಯುತ್ತ ಬಂತೆಂದು ಅವನಿಗೆ ಹೊಳೆದದ್ದು ಆಗ. ಪಟದ ಹತ್ತಿರ ಓಡಿ, ಬುಟ್ಟಿಗೆ ಕೈಹಾಕಿದ. ಎಂ.ಡಿ.ಯ ತಾಯಿ ಅವನ ಮಣಿಕಟ್ಟು ಹಿಡಿದರು.

“ಏನಯ್ಯಾ ಮಾಡ್ತಿದೀಯ? ಪೂಜೆಗಿಟ್ಟ ಆಯುಧ ನಾಳೆ ಮರುಪೂಜೆ ಆಗೋವರೆಗೆ ಮುಟ್ಟಬಾರದು ಅಂತ ನಿನಗೆ ಗೊತ್ತಿಲ್ವಾ?”

ಗೊತ್ತಿತ್ತು. ಅದೇ ಅವನ ಕಷ್ಟ. ಕೈ ಬುಟ್ಟಿಯ ಮೇಲೆ ಹಾಗೇ ನಿಂತಿತು. ಬಿಡಿಸಿಕೊಂಡು ತೆಗೆದುಬಿಡಬಹುದಿತ್ತು. ತೆಗೆಯಲಾರದೆ ಹೋದ.

ಅಷ್ಟರಲ್ಲಿ ಹೊರಗೆ ಕಾರು ಬಂತು. ಲೋಕೇಶ ಮೈಕು ಎತ್ತಿಕೊಂಡು, ಕೆಮ್ಮಿ, ಹಬ್ಬದ ದನಿಯಲ್ಲಿ ಕೂಗಿದ: “ಎಲ್ರೂ ದಾರಿ ಬುಡಿ, ದಾರಿ ಬುಡಿ! ಕಾಲರ್ ಲೈನಿನ ಹೊಂಬಾಳಮ್ಮನೋರು ಆರತಿ ತಟ್ಟೆ ತಕಂಡು ಬರ್ಬೇಕು.”

ಹೊಂಬಾಳಮ್ಮ ತಟ್ಟೆ ಹಿಡಿದು ಎದ್ದವಳು ನಿಂತಳು. ಅದೇ ಮೈಕು, ಅದೇ ದನಿ, ಅದೇ ದಾರಿ ಬಿಡಿ. ಮೊದಲು ಅಂಗಾಲು ಬಿಸಿಯಾಯಿತು. ಮನೆಯಲ್ಲಿ ದಿನವೂ ಹೀಗೇ ಬರುತ್ತಿತ್ತು, ಅವಳಿಗೆ ಪರಿಚಯದ ಬಿಸಿ. ಅವಳು ಹೆದರಿ ಸುತ್ತ ನೋಡಿದಳು, ಸಿಂಚನ ಇಲ್ಲಿದ್ದಾಳೇನೋ ಎಂದು. ಮಗಳು ಇರಲಿಲ್ಲ. ಲೋಕೇಶ ಇದ್ದ. ಉಪ್ಪು ಇರಲಿಲ್ಲ, ಸಾರು ಇರಲಿಲ್ಲ. ಆವತ್ತು ಹೊಟ್ಟೆ ಹಿಡಿದುಕೊಂಡು ದಾಟಿದ ಹಾಲ್ ಇತ್ತು, ತಾನು ನಕ್ಕದ್ದೂ ನೆನಪಿಗೆ ಬಂತು.

ಅವಳಿಗಿಂತ ಮೊದಲು ಬಾಯಿ ಬಂದದ್ದು ಮಾದೇವಿಗೆ. “ಎಮ್ಮೆ ಅಂದ್ಯಲ್ಲೋ ನನ್ನ, ಬೆಳಿಗ್ಗೆ!” ಎಂದು ಅವಳು ಬೆಂಚು ಹತ್ತಿ ನಿಂತಳು. ಆಮೇಲೆ ಬಸುರಿ ಎದ್ದಳು. ಆಮೇಲೆ ಎಲ್ಲ ಸಾಲುಗಳೂ. ಕಾರಿನಿಂದಿಳಿದ ಎಂ.ಡಿ. ಬಾಗಿಲಲ್ಲಿ ಹಾರ ಹಾಕಿಸಿಕೊಳ್ಳಲು ಬಗ್ಗಿದ್ದವರು ಬಗ್ಗಿಯೇ ಉಳಿದರು.

ಚಿದಾನಂದ ಮಂದಾಕಿನಿಯವರ ತೋಳು ಹಿಡಿದು ಕಿರುಚಿದ. ಲೋಕೇಶ ಹಿಡಿದಿದ್ದ ಮೈಕು ಚಿದಾನಂದನ ಬಾಯಿಯ ಪಕ್ಕದಲ್ಲೇ ಇತ್ತು. ಮಾತು ಇಡೀ ಹಾಲ್‌ಗೆ ಕೇಳಿತು.

“ಏನಾದರೂ ಮಾಡಿ ಮೇಡಂ! ಇವರನ್ನ ಮೊದ್ಲು ಬಸ್ ಹತ್ತಿಸಿ! ಇದು ಮನೇಲಿ ಬರಬೇಕಾದ್ದು!”

ಹೊಂಬಾಳಮ್ಮ ಆರತಿ ತಟ್ಟೆಯನ್ನು ಎಚ್ಚರಿಕೆಯಿಂದ ನೆಲಕ್ಕಿಟ್ಟಳು. ಚಿದಾನಂದನ ಎದುರಿಗೆ ಬಂದಳು.

“ಏನು ಸಾ ಮನೇಲಿ ಬರಬೇಕಾದ್ದು?”

ಚಿದಾನಂದ ಬಾಗಿಲಲ್ಲಿದ್ದ ಎಂ.ಡಿ.ಯ ಕಡೆ ನೋಡಿದ. ಅವಳು ಮಂದಾಕಿನಿಯವರ ಕಡೆ ತಿರುಗಿದಳು.

“ನೀವು ಹೇಳಿ ಮೇಡಂ. ಉಸ್ರು ತಗೊ ಅಂದಿದ್ರಲ್ಲ.”

ಮಂದಾಕಿನಿ ಬಾಯಿ ತೆರೆದರು. ಸುಳ್ಳು ಹೇಳಬಹುದಿತ್ತು, ಹೇಳಲು ಬರುತ್ತಲೂ ಇತ್ತು. “ಅರ್ಧ ಗಂಟೆ ತಡ ಇಟ್ಟಿದ್ವಿ” ಎಂದರು. “ನೀವು ಗೇಟು ದಾಟಿ ಹೋಗಲಿ ಅಂತ.”

“ಗೇಟಿನಾಚೆ ಯಾರವ್ರೆ ಅಂತ ಗೊತ್ತಿತ್ತಾ ನಿಮ್ಗೆ?”

“…ಗೊತ್ತಿತ್ತು.”

“ನನ್ ಮಗಳವ್ಳೆ!” ಹೊಂಬಾಳಮ್ಮನ ದನಿಗೆ ಮೈಕು ಬೇಕಾಗಲಿಲ್ಲ. “ಈ ಬೇವರ್ಸಿಗೆ ಬೀಳ್ಬೇಕಾದ್ದ ನನ್ ಕೂಸಿನ ಮೈಮ್ಯಾಲೆ ಬೀಳಿಸಿದ್ರಲ್ರೋ! ನನ್ ಕೈಯಲ್ಲೇ! ಮಗೀಗೆ ಬರೆ ಬಿದ್ದದೆ ಅಂತ ನಿಮ್ ಮುಂದೆ ಹೇಳ್ಕಂಡ್ನಲ್ಲ, ಆಗ್ಲೂ ನಂಗೇ ಬುದ್ಧಿ ಹೇಳಿದ್ರಲ್ಲ! ನಿಮ್ ಕಾರ್ಖಾನೆ ತಣ್ಣಗಿರ್ಲಿ ಅಂತ ನಮ್ ಮನೇಗೆ ಬೆಂಕಿ ಸುರಿದ್ರಲ್ಲ, ಅದ್ನೂ ನಾವೇ ಬಸ್ಸಲ್ಲಿ ಹೊತ್ಕಂಡೋಗ್ಬೇಕಿತ್ತಾ?”

ಅಲ್ಲಿ ಆಮೇಲೆ ಆದದ್ದನ್ನು ಕಂಪನಿಯ ಪ್ರಕಟಣೆ ‘ಅಹಿತಕರ ಘಟನೆ’ ಎಂದು ಕರೆಯಿತು. ಅದು ಯಾರ ಹಿತ ಎಂಬುದರ ಮೇಲೆ ನಿಂತ ಮಾತು. ಲೋಕೇಶ ಕಟಿಂಗ್ ಟೇಬಲ್ಲಿನಡಿಯಲ್ಲಿ ಕೂತಿದ್ದ. ಒಡೆಯಲೆಂದು ತಂದಿದ್ದ ಬೂದುಗುಂಬಳಕಾಯಿ, ಮಹಡಿಯ ಗಾಜನ್ನು ಹೇಗೆ ಮುಟ್ಟಿತೆಂದು ಯಾರೂ ಬಾಯಿಬಿಡಲಿಲ್ಲ. ಮಾದೇವಿಯ ಎಸೆತ ಚೆನ್ನಾಗಿದೆಯೆಂದು ಮಾತ್ರ ಎಲ್ಲರಿಗೂ ಗೊತ್ತಿತ್ತು. ದೇವಿಯ ಬುಟ್ಟಿಗಳನ್ನು ಒಬ್ಬಳೂ ಮುಟ್ಟಲಿಲ್ಲ.

*

ಸಂಜೆ ಬಸ್ಸು ಬಿಡಲಿಲ್ಲ. ಹೊಂಬಾಳಮ್ಮ ನಡೆದೇ ಬಂದಳು. ಪುಟ್ಟಗೌರಮ್ಮ ಜಗಲಿಯ ಮೇಲೆ ಕೂತಿದ್ದಳು, ಬಟ್ಟೆಯ ಚೀಲ ಪಕ್ಕದಲ್ಲಿ. ಸಿಂಚನ ಬಾಗಿಲ ಹಿಂದೆ ನಿಂತಿದ್ದಳು. ಹಾರ್ನ್ ಕೇಳದೆ ಇದ್ದದ್ದರಿಂದ ಅವಳಿಗೆ ಸೌಟು ಬಚ್ಚಿಡಲು ಹೊತ್ತು ಸಿಕ್ಕಿರಲಿಲ್ಲ. ಅದನ್ನು ಬೆನ್ನ ಹಿಂದೆ ಹಿಡಿದುಕೊಂಡಿದ್ದಳು.

ಹೊಂಬಾಳಮ್ಮ ಒಳಗೆ ಹೋಗಲಿಲ್ಲ. ಮೆಟ್ಟಿಲ ಮೇಲೆ ಕೂತು ಎಲ್ಲವನ್ನೂ ಹೇಳಿದಳು. ಮೈಕಿನ ದಿನದಿಂದ ಹಿಡಿದು. ಹೇಳುತ್ತ ಹೇಳುತ್ತ ದನಿ ಏರಿದಾಗ ಹುಡುಗಿ ಒಂದು ಹೆಜ್ಜೆ ಹಿಂದೆ ಸರಿದಳು. ತಾಯಿ ಅದನ್ನು ನೋಡಿದಳು.

“ನಿನ್ ಮ್ಯಾಲಲ್ಲ ಕಣವ್ವ. ಯಾರ್ ಮ್ಯಾಲೆ ಅಂತ ಇವತ್ತು ಗೊತ್ತದೆ.”

“ನಾಳಿದ್ದು?” ಎಂದಳು ಸಿಂಚನ. “ನಾಳಿದ್ದು ಮತ್ತೆ ಆ ಪಟ್ಟಿ ಕಟ್ತೀಯಲ್ಲ?”

ಹೊಂಬಾಳಮ್ಮನಿಗೆ ಸುಳ್ಳು ಹೇಳಲು ಮನಸ್ಸು ಬರಲಿಲ್ಲ.

“ರಜೆ ಮುಗಿಯೋವತ್ಗೆ ಬಂದು ನೋಡ್ತೀನಿ” ಎಂದಳು ಮಗಳು, ದೊಡ್ಡವಳಂತೆ. ಅತ್ತೆಯ ಜೊತೆ ಹೊರಟಳು. ಅವಳ ಚೀಲದಿಂದ ಸೌಟಿನ ಹಿಡಿ ಹೊರಗೆ ಚಾಚಿಕೊಂಡಿತ್ತು. ಹೊಂಬಾಳಮ್ಮ ಆ ರಾತ್ರಿ ಸಾರನ್ನು ಲೋಟದಲ್ಲಿ ಬಗ್ಗಿಸಿಕೊಂಡಳು.

ವಿಜಯದಶಮಿಯ ದಿನ ಮರುಪೂಜೆಗೆ ಯಾರೂ ಹೋಗಲಿಲ್ಲ. ಅದರ ಮರುದಿನ ಎಲ್ಲರೂ ಗೇಟಿನ ಮುಂದೆ ಕೂತರು. ಚಿದಾನಂದ ಒಳಗಿನಿಂದ ಬಂದು, ಪಟ್ಟಿ ಕಟ್ಟಿಕೊಂಡವರಿಗೆ ಮಾತ್ರ ಪ್ರವೇಶ ಎಂದ.

“ಅದೆಂಗಾಯ್ತದೆ ಸಾ?” ಎಂದಳು ಮಾದೇವಿ. “ಪೂಜೆಗಿಟ್ಟ ಆಯ್ದ. ಮರುಪೂಜೆ ಆಗ್ಬೇಕು, ಅದೂ ಕಟ್ಕಂತಿದ್ದೋರೇ ಮಾಡ್ಬೇಕು.”

“ಹಾಗಾದ್ರೆ ಬಂದು ಮಾಡಿ!”

“ನಮ್ಗೆ ಹೊತ್ತಿಲ್ಲ ಸಾ. ಟಾರ್ಗೆಟ್ ಅದೆ.”

ಅವಳು ಗೇಟಿನ ಮುಂದೆ ಕೂತು ಕಡ್ಲೆಪುರಿ ತಿನ್ನುತ್ತಿದ್ದಳು. ಒಳಗೆ ಬುಟ್ಟಿಗಳನ್ನು ಎತ್ತಲು ಕಾವಲುಗಾರರಿಗೆ ಹೇಳಿದರೆ, ಅವರೂ ಎಂ.ಡಿ.ಯ ತಾಯಿಯ ಮುಖ ನೋಡಿದರು. ಆಕೆ ಮುಟ್ಟಬೇಡಿ ಎಂದು ತಲೆಯಾಡಿಸಿದರು. ನೇಮ ನೇಮವೇ. ಮಂದಾಕಿನಿ ರಾಜೀನಾಮೆ ಕೊಟ್ಟರೆಂದು ಸುದ್ದಿ ಬಂತು. ಬೇರೆ ಕಡೆ ಇನ್ನೂ ಹೆಚ್ಚಿನ ಸಂಬಳಕ್ಕೆ ಸೇರಿದರೆಂದೂ ಬಂತು. ಎರಡೂ ನಿಜವಿರಬಹುದು.

ದಸರಾ ರಜೆಯ ಕೊನೆಯ ದಿನ ಹೊಂಬಾಳಮ್ಮ ಗೇಟಿನಿಂದ ಮನೆಗೆ ಬಂದಾಗ ಸಿಂಚನ ಜಗಲಿಯ ಮೇಲೆ ನಿಂತಿದ್ದಳು, ಚೀಲ ಹೆಗಲಲ್ಲೇ ಇತ್ತು. ಅವಳು ತಾಯಿಯ ಹಣೆ ನೋಡಿದಳು. ಬಿಸಿಲಿಗೆ ಕಪ್ಪಿಟ್ಟ ಹಣೆಯ ನಡುವೆ, ಪಟ್ಟಿ ಇದ್ದ ಜಾಗ ಇನ್ನೂ ತುಸು ಬೆಳ್ಳಗಿತ್ತು.

“ಪಟ್ಟಿ?”

“ಇನ್ನೂ ಪೂಜೇಲದೆ” ಎಂದಳು ಹೊಂಬಾಳಮ್ಮ.

ಹುಡುಗಿ ಚೀಲ ಇಳಿಸಿ, ಸೌಟನ್ನು ಹೊರಗೆ ತೆಗೆದಳು. ಒಳಗೆ ಹೋಗಿ ಅದನ್ನು ಒಲೆಯ ಮೇಲಿನ ಮೊಳೆಗೆ, ತಾಯಿಯ ಕೈಗೆ ಎಟುಕುವ ಹಾಗೆ, ನೇತುಹಾಕಿದಳು.